ಫೋಟೋಶಾಪ್ ಲಿನಕ್ಸಿನಲ್ಲಿ ನಡೆಯುವುದೆ?

ಈ ಅಂಕಣಕ್ಕೆ ಬರುವ ಓಲೆಗಳಲ್ಲಿ ಈಚೆಗೆ ಒಂದೇ ಪ್ರಶ್ನೆ ನಾನಾ ರೂಪಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿದುಹೋದ ಮೇಲೆ, ವಿಂಡೋಸ್ 11 ಅಪೇಕ್ಷಿಸುವ ಯಂತ್ರಾಂಶವಿಲ್ಲದಿದ್ದರೂ ಇನ್ನೂ ಅನೇಕ ವರ್ಷ ದುಡಿಯುವ ಕಸುವುಳ್ಳ ಗಣಕಗಳನ್ನು ಏನು ಮಾಡಬೇಕೆಂಬ ಚಿಂತೆಯು ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸುಗಳ ವಿನ್ಯಾಸದಿಂದ ಜೀವನ ನಡೆಸುವ ಡಿಟಿಪಿ ಕೇಂದ್ರಗಳವರನ್ನು ಆವರಿಸಿದೆ. ಲಿನಕ್ಸನ್ನು ಹಾಕಿಕೊಳ್ಳಿರೆಂದು ಬಲ್ಲವರು ಹೇಳುತ್ತಾರೆ. ಹಾಕಿಕೊಂಡರೆ ನಮ್ಮ ಫೋಟೋಶಾಪ್, ನಮ್ಮ ಕೋರೆಲ್‌ಡ್ರಾ ಅದರಲ್ಲಿ ನಡೆಯುವುದೆ ಎಂದು ಇವರು ಕೇಳುತ್ತಾರೆ. ನಡೆಯುತ್ತದೆಂಬ ಉತ್ತರವೂ ನಡೆಯುವುದಿಲ್ಲವೆಂಬ ಉತ್ತರವೂ ಏಕಕಾಲದಲ್ಲಿ ಸತ್ಯವಾಗಿರುವುದರಿಂದ, ಮತ್ತು ಆ ಎರಡು ಸತ್ಯಗಳ ನಡುವಣ ಗೆರೆ ಎಲ್ಲಿ ಬಿದ್ದಿದೆಯೆಂಬುದನ್ನು ಅರಿಯದೆ ಯಂತ್ರವನ್ನು ಬದಲಿಸಿದವರು ಹಬ್ಬದ ಹಂಗಾಮಿನಲ್ಲಿ, ಮದುವೆಯ ತಿಂಗಳಿನಲ್ಲಿ, ಕೆಲಸ ನಿಂತು ಕಂಗೆಡುವುದನ್ನು ಕಂಡಿರುವುದರಿಂದ, ಆ ಗೆರೆಯನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ಗುರುತಿಸಲು ಯತ್ನಿಸುತ್ತೇನೆ.

ವಿಂಡೋಸಿಗಾಗಿ ರಚಿತವಾದ ತಂತ್ರಾಂಶವು ಎಲ್ಲವನ್ನೂ ತಾನೇ ಮಾಡಿಕೊಳ್ಳುವುದಿಲ್ಲ. ಕಡತವನ್ನು ತೆರೆಯುವುದು, ಪರದೆಯ ಮೇಲೆ ಕಿಟಕಿಯನ್ನು ಮೂಡಿಸುವುದು, ಅಕ್ಷರಗಳನ್ನು ಜೋಡಿಸುವುದು, ಪ್ರಿಂಟರಿಗೆ ಪುಟವನ್ನು ಕಳುಹಿಸುವುದು ಮೊದಲಾದ ಅಸಂಖ್ಯ ಕಾರ್ಯಗಳಿಗಾಗಿ ಅದು ಕ್ಷಣಕ್ಷಣವೂ ವಿಂಡೋಸಿನೊಳಗಣ ಡಿಎಲ್‌ಎಲ್ ಎಂಬ ಕಡತಗಳಿಗೆ ಮೊರೆಯಿಡುತ್ತಿರುತ್ತದೆ. 1993ರಲ್ಲಿ ಆರಂಭಗೊಂಡು ಮರುವರ್ಷದಿಂದ ಇಂದಿನವರೆಗೂ ಅಲೆಕ್ಸಾಂದ್ರ್ ಜೂಲಿಯಾರ್ ಅವರ ನೇತೃತ್ವದಲ್ಲಿ ಬೆಳೆದುಬಂದಿರುವ ವೈನ್ ಎಂಬ ಮುಕ್ತ ತಂತ್ರಾಂಶವು ಮಾಡುವುದೇನೆಂದರೆ, ಆ ಡಿಎಲ್‌ಎಲ್‌ಗಳನ್ನೆಲ್ಲ ಮೈಕ್ರೋಸಾಫ್ಟಿನ ಒಂದು ಸಾಲನ್ನೂ ನಕಲಿಸದೆ ಹೊಸದಾಗಿ ಬರೆದು, ಫೋಟೋಶಾಪ್ ಕೇಳಿದ ಪ್ರತಿಯೊಂದು ಸೇವೆಯನ್ನೂ ಲಿನಕ್ಸಿನ ಮೂಲಕ ಒದಗಿಸುವುದು. ಪ್ರೊಸೆಸರು ಎರಡೂ ಕಡೆ ಒಂದೇ ಜಾತಿಯದಾದ್ದರಿಂದ ತಂತ್ರಾಂಶದ ಆದೇಶಗಳು ನೇರವಾಗಿಯೇ ನಡೆಯುತ್ತವೆ; ಆದಕಾರಣ ವೇಗವು ಹೇಳಿಕೊಳ್ಳುವಷ್ಟು ತಗ್ಗುವುದಿಲ್ಲ. ಹಾಗಾದರೆ ಕಷ್ಟವೆಲ್ಲಿದೆಯೆಂದರೆ, ವಿಂಡೋಸಿನ ವರ್ತನೆಯಲ್ಲಿ ಗ್ರಂಥಸ್ಥವಾಗಿರುವುದು ಒಂದು ಭಾಗ ಮಾತ್ರವಾಗಿ, ಬರಹದಲ್ಲಿ ಎಲ್ಲಿಯೂ ಕಾಣದ, ಪ್ರಯೋಗದಿಂದಲೇ ಕಂಡುಕೊಳ್ಳಬೇಕಾದ ಗುಣವಿಶೇಷಗಳು ಬಹಳವಾಗಿರುವುದರಲ್ಲಿ. ದೊಡ್ಡ ವಿನ್ಯಾಸ ತಂತ್ರಾಂಶಗಳು ಅಂತಹ ಮೂಲೆಗಳನ್ನೇ ಹೆಚ್ಚಾಗಿ ಆಶ್ರಯಿಸುತ್ತವೆ. ವೈನ್ ತನ್ನ 1.0 ಆವೃತ್ತಿಯನ್ನು ಹೊರತಂದುದು 2008ರ ಜೂನಿನಲ್ಲಿ, ಅಂದರೆ ಹುಟ್ಟಿದ ಹದಿನೈದು ವರ್ಷಗಳ ತರುವಾಯ, ಎಂಬುದರಿಂದ ಆ ಕಾರ್ಯದ ಗಾತ್ರವನ್ನು ಊಹಿಸಬಹುದು. ಆ 1.0 ಆವೃತ್ತಿ ಸಿದ್ಧವಾಯಿತೆಂದು ಸಾರುವ ಮುನ್ನ ಅದರ ರಚಯಿತರು ತಮಗೆ ತಾವೇ ವಿಧಿಸಿಕೊಂಡಿದ್ದ ಪರೀಕ್ಷೆಗಳಲ್ಲಿ ಫೋಟೋಶಾಪ್ ಸಿಎಸ್2 ಸರಿಯಾಗಿ ನಡೆಯಬೇಕೆಂಬುದೂ ಒಂದಾಗಿದ್ದಿತು.

ಇದು ಆಕಸ್ಮಿಕವಾಗಿ ಒದಗಿದ ಆಯ್ಕೆಯಲ್ಲ. ಹಾಲಿವುಡ್ಡಿನ ಚಿತ್ರಶಾಲೆಗಳು ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ದುಬಾರಿ ಯಂತ್ರಗಳನ್ನು ಬಿಟ್ಟು ಲಿನಕ್ಸಿಗೆ ಬರತೊಡಗಿದ ಕಾಲದಲ್ಲಿ, ಅವುಗಳಿಗೆ ಬೇಕಾದ ಇತರ ತಂತ್ರಾಂಶಗಳೆಲ್ಲ ಲಿನಕ್ಸಿಗೆ ಬಂದರೂ ಫೋಟೋಶಾಪ್ ಮಾತ್ರ ಬರಲಿಲ್ಲ. ಆಗ ಡಿಸ್ನಿ, ಪಿಕ್ಸಾರ್, ಡ್ರೀಮ್‌ವರ್ಕ್ಸ್ ಈ ಮೂರು ಸಂಸ್ಥೆಗಳು ವೆಚ್ಚವನ್ನು ಹಂಚಿಕೊಂಡು, ವೈನಿನ ಬೆಳವಣಿಗೆಗೆ ಆಧಾರವಾಗಿದ್ದ ಕೋಡ್‌ವೀವರ್ಸ್ ಎಂಬ ಅಮೆರಿಕದ ಸಣ್ಣ ಸಂಸ್ಥೆಗೆ ಹಣವಿತ್ತು, 2003ರಲ್ಲಿ ಆಗಿನ ಫೋಟೋಶಾಪನ್ನು ಲಿನಕ್ಸಿನ ಮೇಲೆ ನಡೆಯುವಂತೆ ಮಾಡಿಸಿದವು. ಐದು ವರ್ಷಗಳ ಬಳಿಕ ಗೂಗಲ್ ಅದೇ ಸಂಸ್ಥೆಗೆ ಅದೇ ಬಗೆಯ ನೆರವನ್ನಿತ್ತು ಸಿಎಸ್ ಮತ್ತು ಸಿಎಸ್2 ಆವೃತ್ತಿಗಳ ನ್ಯೂನತೆಗಳನ್ನು ಸರಿಪಡಿಸಿತು. ಇಂದು ಲಿನಕ್ಸಿನಲ್ಲಿ ವಿಂಡೋಸಿನ ಆಟಗಳು ಸರಾಗವಾಗಿ ನಡೆಯುವುದನ್ನು ಕಂಡು, ಆಟಗಳಿಗೆ ಸಾಧ್ಯವಾದುದು ಚಿತ್ರರಚನೆಗೆ ಏಕೆ ಅಸಾಧ್ಯವೆಂದು ತರುಣರು ಆಶ್ಚರ್ಯಪಡುತ್ತಾರೆ; ಅಲ್ಲಿಯೂ ಕಾರಣ ಇದೇ. ವಾಲ್ವ್ ಎಂಬ ಆಟಗಳ ಸಂಸ್ಥೆಯು 2018ರಲ್ಲಿ ಪ್ರೋಟಾನ್ ಎಂಬ ಹೆಸರಿನಿಂದ ವೈನಿನ ಒಂದು ರೂಪವನ್ನು ಹೊರತಂದು, ಅದರ ಬೆಳವಣಿಗೆಗೆ ಎಡೆಬಿಡದೆ ಹಣ ತೊಡಗಿಸುತ್ತ ಬಂದಿದೆ. ವಿನ್ಯಾಸ ತಂತ್ರಾಂಶಗಳ ಪಾಲಿಗೆ ಅಂತಹ ಪೋಷಕರು ಒಮ್ಮೆ ಇದ್ದರು, ಈಗ ಇಲ್ಲ. ಆ ಪೋಷಕರಿದ್ದ ಕಾಲದ ಆವೃತ್ತಿಗಳು ಚೆನ್ನಾಗಿ ನಡೆಯುತ್ತವೆ. ತರುವಾಯದವು ನಡೆಯುವುದು ಭಾಗ್ಯವನ್ನು ಅವಲಂಬಿಸಿದೆ. ಹಳೆಯ ಫೋಟೋಶಾಪೊಂದನ್ನು ವೈನಿನ ಮೂಲಕ ಬಹುಕಾಲದಿಂದ ಬಳಸುತ್ತಿರುವ ನನಗೆ, ಪದರಗಳನ್ನು ಹೊಂದಿಸುವಾಗಲಾಗಲಿ ಬಣ್ಣವನ್ನು ತಿದ್ದುವಾಗಲಾಗಲಿ ಕೆಳಗೆ ಇರುವುದು ವಿಂಡೋಸಲ್ಲವೆಂಬುದು ನೆನಪಿಗೂ ಬರುವುದಿಲ್ಲ.

ಹೊಸ ಆವೃತ್ತಿಗಳು ಎಡವುವುದು ಎಲ್ಲಿ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಒಂದು ವಿಷಾದಕರ ಸಂಗತಿ ಗೋಚರವಾಗುತ್ತದೆ. 2013ರಲ್ಲಿ ಅಡೋಬಿ ಸಂಸ್ಥೆಯು ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಪದ್ಧತಿಯನ್ನು ನಿಲ್ಲಿಸಿ, ತಿಂಗಳು ತಿಂಗಳಿಗೆ ಚಂದಾ ಪಾವತಿಸುವ ಕ್ರಿಯೇಟಿವ್ ಕ್ಲೌಡ್ ಪದ್ಧತಿಗೆ ಸಂಪೂರ್ಣವಾಗಿ ತಿರುಗಿತಷ್ಟೆ. 2012ರ ಸಿಎಸ್6 ಹಳೆಯ ಪದ್ಧತಿಯ ಕೊನೆಯ ಆವೃತ್ತಿಯಾಯಿತು. ಅಂದಿನಿಂದ ತಂತ್ರಾಂಶವನ್ನು ಯಂತ್ರದಲ್ಲಿ ಪ್ರತಿಷ್ಠಾಪಿಸುವ, ಚಂದಾದಾರನ ಗುರುತನ್ನು ಪರೀಕ್ಷಿಸುವ, ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿದ್ದು ಮೂಲಸಂಸ್ಥೆಯೊಡನೆ ಸಂವಾದಿಸುವ ಕಾರ್ಯಗಳಿಗಾಗಿಯೇ ಪ್ರತ್ಯೇಕವಾದ ಉಪತಂತ್ರಾಂಶಗಳ ಒಂದು ಪರಿವಾರವೇ ಬೆಳೆದಿದೆ. ವಿಂಡೋಸಿನ ಜಾಲವೀಕ್ಷಕದ ಒಳಭಾಗಗಳನ್ನೂ ಹಿನ್ನೆಲೆ ಸೇವೆಗಳನ್ನೂ ಅತ್ಯಂತ ಸೂಕ್ಷ್ಮವಾಗಿ ಅವಲಂಬಿಸಿರುವ ಈ ಪರಿವಾರವೇ ವೈನಿನಲ್ಲಿ ಮೊದಲು ಮುಗ್ಗರಿಸುವುದು. ವೇಷ ಕಟ್ಟಿ, ಬಣ್ಣ ಹಚ್ಚಿ, ಗೆಜ್ಜೆ ಬಿಗಿದು ಸಿದ್ಧನಾದ ಪಾತ್ರಧಾರಿಯನ್ನು ಚೌಕಿಯ ಬಾಗಿಲಿನಲ್ಲಿಯೇ ತಡೆದು ನಿಲ್ಲಿಸಿದಂತೆ, ಚಿತ್ರ ರಚಿಸುವ ಭಾಗವು ಬಹುಪಾಲು ಸಮರ್ಥವಾಗಿದ್ದರೂ ಅದು ರಂಗಕ್ಕೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಹಣ ತೆತ್ತು ಚಂದಾದಾರನಾದ ಪ್ರಾಮಾಣಿಕನಿಗೆ, ತಾನು ಯಾವ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಕುಳಿತು ಕೆಲಸ ಮಾಡುತ್ತೇನೆಂಬುದನ್ನು ನಿಶ್ಚಯಿಸುವ ಸ್ವಾತಂತ್ರ್ಯ ಇಲ್ಲವಾಗುವುದು ಅನ್ಯಾಯವೆಂದೇ ನನ್ನ ಭಾವನೆ. ಅದೇ ಸಂಸ್ಥೆಯು 2012ರ ಕೊನೆಯಲ್ಲಿ ಸಿಎಸ್2 ಪ್ರತಿಗಳನ್ನು ಊರ್ಜಿತಗೊಳಿಸುತ್ತಿದ್ದ ತನ್ನ ಸರ್ವರುಗಳನ್ನು ಮುಚ್ಚಿದಾಗ, ಆ ಪ್ರತಿಯನ್ನು ಕೊಂಡಿದ್ದವರಿಗಾಗಿ ಊರ್ಜಿತದ ಅಗತ್ಯವೇ ಇಲ್ಲದ ಪ್ರತಿಗಳನ್ನು ಒದಗಿಸಿದ್ದಿತೆಂಬುದನ್ನೂ ಇಲ್ಲಿ ಹೇಳಬೇಕು. ಗ್ರಾಹಕನ ಹಿತವನ್ನು ಮನಸ್ಸಿಗೆ ತಂದುಕೊಂಡರೆ ಬಾಗಿಲನ್ನು ತೆರೆಯುವುದು ಕಷ್ಟವಲ್ಲವೆಂಬುದಕ್ಕೆ ಅದು ಪ್ರಮಾಣ.

ತಂತ್ರಾಂಶದ ಒಡೆಯರೇ ಲಿನಕ್ಸಿಗೆ ಬರಬಾರದೇಕೆ ಎಂದು ಕೇಳುವವರು ಕೋರೆಲ್ ಸಂಸ್ಥೆಯ ಕಥೆಯನ್ನು ತಿಳಿಯಬೇಕು. ಕೆನಡಾದ ಒಟ್ಟಾವಾ ನಗರದ ಈ ಸಂಸ್ಥೆಯು 1999ರ ನವೆಂಬರಿನಲ್ಲಿ ತನ್ನದೇ ಆದ ಲಿನಕ್ಸ್ ವಿತರಣೆಯನ್ನು ಬಿಡುಗಡೆಮಾಡಿ, 2000ದಲ್ಲಿ ಕೋರೆಲ್‌ಡ್ರಾ 9ನ್ನು ಲಿನಕ್ಸಿಗೆ ತಂದಿತು. ನಮ್ಮ ಡಿಟಿಪಿ ಕೇಂದ್ರಗಳ ನಿತ್ಯದ ಆಯುಧವಾದ ಅದೇ ಕೋರೆಲ್‌ಡ್ರಾ, ಪೆಟ್ಟಿಗೆಯ ಮೇಲೆ ಲಿನಕ್ಸಿನ ಹೆಸರು ಹೊತ್ತು, ಅಂಗಡಿಯಲ್ಲಿ ದೊರೆಯುತ್ತಿದ್ದ ಕಾಲವೊಂದಿತ್ತೆಂದರೆ ಇಂದು ನಂಬುವವರು ವಿರಳ. ಅದನ್ನು ಲಿನಕ್ಸಿಗಾಗಿ ಬುಡದಿಂದ ಬರೆಯುವುದಕ್ಕೆ ಬದಲಾಗಿ ವೈನಿನ ಗ್ರಂಥಾಲಯದ ಮೇಲೆ ಕಟ್ಟಿದ್ದರು. ಆಗಿನ್ನೂ ಅಪಕ್ವವಾಗಿದ್ದ ಆ ಅಡಿಪಾಯದ ಮೇಲೆ ನಿಂತ ತಂತ್ರಾಂಶವು ವೇಗದಲ್ಲಾಗಲಿ ಸ್ಥೈರ್ಯದಲ್ಲಾಗಲಿ ವಿಂಡೋಸಿನ ಆವೃತ್ತಿಗೆ ಸರಿಗಟ್ಟಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಸ್ಥಾಪಕ ಮೈಕೇಲ್ ಕೌಪ್‌ಲ್ಯಾಂಡ್ ಸಂಸ್ಥೆಯನ್ನು ಬಿಟ್ಟರು. ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ 13.5 ಕೋಟಿ ಡಾಲರುಗಳನ್ನು ಕೋರೆಲಿನಲ್ಲಿ ತೊಡಗಿಸಿತು. 2001ರಲ್ಲಿ ಲಿನಕ್ಸ್ ವಿತರಣೆಯು ಝಾಂಡ್ರಾಸ್ ಎಂಬ ಸಂಸ್ಥೆಯ ಕೈಸೇರಿತು. ಮತ್ತೆ ಕೋರೆಲ್‌ಡ್ರಾ ಲಿನಕ್ಸಿನ ಕಡೆಗೆ ಬರಲಿಲ್ಲ. ಆದರೂ ಆ ಸಾಹಸದಿಂದ ಉಳಿದ ಫಲವೊಂದಿದೆ: ಕೋರೆಲಿನ ತಂತ್ರಜ್ಞರು ವೈನಿಗೆ ಸೇರಿಸಿದ ತಿದ್ದುಪಡಿಗಳು ಆ ಮುಕ್ತ ತಂತ್ರಾಂಶದಲ್ಲಿಯೇ ನಿಂತು, ಅನಂತರದವರ ಪ್ರಯತ್ನಗಳಿಗೆ ನೆಲವಾದವು. ಪ್ರಯತ್ನವು ಸೋತುದೆಂದು ಅದನ್ನು ತಳ್ಳಿಹಾಕುವವರೊಡನೆ ನಾನು ಈ ಕಾರಣದಿಂದ ಸಹಮತನಾಗಲಾರೆ.

ಇದಕ್ಕೆ ಎದುರಾಗಿ ಚಲನಚಿತ್ರದ ದೃಶ್ಯಪರಿಣಾಮಗಳ ಲೋಕವನ್ನು ಇಟ್ಟು ನೋಡಬೇಕು. ಮಾಯಾ, ಹುಡೀನಿ, ನ್ಯೂಕ್ ಇವೆಲ್ಲ ದೊಡ್ಡ ಬೆಲೆಯ ವಾಣಿಜ್ಯ ತಂತ್ರಾಂಶಗಳೇ. ಇವೆಲ್ಲವೂ ಲಿನಕ್ಸಿನ ಮೇಲೆ ಸ್ವಂತವಾಗಿಯೇ, ವೈನಿನ ಆಸರೆಯಿಲ್ಲದೆ, ನಡೆಯುತ್ತವೆ. ಡಾವಿಂಚಿ ರಿಸಾಲ್ವ್ ಕೂಡ ಹಾಗೆಯೇ. ಲಿನಕ್ಸಿನ ಮೇಲೆ ಗಂಭೀರವಾದ ಚಿತ್ರಕರ್ಮ ಅಸಾಧ್ಯವೆಂಬ ಮಾತಿಗೆ ಇಲ್ಲಿ ಆಸ್ಪದವೇ ಇಲ್ಲ. ಅಂತರವಿರುವುದು ಕೊಳ್ಳುವವರ ಸ್ವರೂಪದಲ್ಲಿ. ಚಿತ್ರಶಾಲೆಗಳು ಕೆಲವೇ, ಒಂದೊಂದೂ ನೂರಾರು ಪರವಾನಗಿಗಳನ್ನು ಒಮ್ಮೆಗೇ ಕೊಳ್ಳತಕ್ಕದ್ದು, ನಮ್ಮ ಯಂತ್ರಗಳೆಲ್ಲ ಲಿನಕ್ಸಿನವು, ನಿಮ್ಮ ತಂತ್ರಾಂಶ ಅದರಲ್ಲಿ ನಡೆಯದಿದ್ದರೆ ನಮಗೆ ಬೇಡವೆಂದು ಅವು ಒಗ್ಗಟ್ಟಿನಿಂದ ಹೇಳಿದಾಗ ಮಾರುವವನು ಕಿವಿಗೊಡಲೇ ಬೇಕಾಗುತ್ತದೆ. ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಕೇಂದ್ರದವನಿಗೆ ಅಂತಹ ಕಂಠವಿಲ್ಲ. ಅದಲ್ಲದೆ, ಕಹಿಯಾದರೂ ಆಡಲೇಬೇಕಾದ ಮಾತೊಂದಿದೆ: ನಮ್ಮ ಅಂಗಡಿಗಳಲ್ಲಿ ಅನಧಿಕೃತ ಪ್ರತಿಯಿಂದ ಕೆಲಸ ಸಾಗಿಸುವ ರೂಢಿ ಇರುವವರೆಗೆ, ಅಲ್ಲಿ ಬಳಸುವವನು ತಂತ್ರಾಂಶದ ಒಡೆಯನ ಲೆಕ್ಕದಲ್ಲಿ ಗ್ರಾಹಕನೇ ಅಲ್ಲ, ಲೆಕ್ಕದಲ್ಲಿಲ್ಲದವನು ಲಿನಕ್ಸ್ ಆವೃತ್ತಿಯನ್ನು ಕೇಳಿದರೆ ಆ ಕೋರಿಕೆಗೆ ತೂಕವೆಲ್ಲಿಂದ ಬರಬೇಕು? ಬೆಲೆಯು ಸಣ್ಣ ಅಂಗಡಿಯ ಶಕ್ತಿಗೆ ಮೀರಿದೆಯೆಂಬುದನ್ನು ನಾನು ಬಲ್ಲೆ. ಆದರೂ ಮುದ್ರಕರ ಸಂಘಗಳು ಒಟ್ಟಾಗಿ ಪರವಾನಗಿಗಳ ಬೆಲೆಯನ್ನೂ ಲಿನಕ್ಸ್ ಆವೃತ್ತಿಯನ್ನೂ ಕುರಿತು ಕೇಳಬಹುದಾದ ಮಾರ್ಗವು ಇನ್ನೂ ಯಾರೂ ನಡೆಯದೆ ಬರಿದಾಗಿ ಬಿದ್ದಿದೆ.

ಸದ್ಯದಲ್ಲಿ ಅನಿವಾರ್ಯವಾಗಿ ಹೊಸ ಆವೃತ್ತಿಯೇ ಬೇಕಾದವರು ಏನು ಮಾಡಬೇಕು? ಲಿನಕ್ಸಿನೊಳಗೆ ಕೆವಿಎಂ ಅಥವಾ ವರ್ಚುವಲ್‌ಬಾಕ್ಸಿನ ಮೂಲಕ ಒಂದು ಕಲ್ಪಿತ ಯಂತ್ರವನ್ನು ನಿರ್ಮಿಸಿ ಅದರಲ್ಲಿ ಪೂರ್ಣ ವಿಂಡೋಸನ್ನೇ ನೆಲೆಗೊಳಿಸುವುದು ನಿಶ್ಚಿತವಾದ ದಾರಿ; ಕೆವಿಎಂ 2007ರಿಂದ ಲಿನಕ್ಸಿನ ತಿರುಳಿನಲ್ಲಿಯೇ ಅಡಕವಾಗಿದೆ. ಆದರೆ ಇಲ್ಲಿ ಒಂದು ಯಂತ್ರದ ರ‍್ಯಾಮನ್ನು ಎರಡು ವ್ಯವಸ್ಥೆಗಳು ಹಂಚಿಕೊಳ್ಳುವುದರಿಂದ 16 ಜಿಬಿಗಿಂತ ಕಡಿಮೆಯಿದ್ದರೆ ಕೆಲಸ ಸುಗಮವಾಗದೆಂದು ನನ್ನ ಅನುಭವ. ಗ್ರಾಫಿಕ್ಸ್ ಕಾರ್ಡಿನ ಬಲವೂ ಒಳಗಿನ ವಿಂಡೋಸಿಗೆ ತಾನಾಗಿ ದಕ್ಕುವುದಿಲ್ಲ, ಅದನ್ನು ದಕ್ಕಿಸಬೇಕಾದರೆ ಎರಡನೆಯ ಕಾರ್ಡನ್ನು ಹಾಕಿ ಪೂರ್ತಿಯಾಗಿ ಒಪ್ಪಿಸಿಕೊಡುವ ಜಟಿಲವಾದ ಏರ್ಪಾಡು ಬೇಕು. ಹಳೆಯ ಯಂತ್ರವನ್ನು ಉಳಿಸಿಕೊಳ್ಳಲೆಂದು ಹೊರಟವರಿಗೆ ಇದು ಒದಗುವ ಪರಿಹಾರವಲ್ಲ. ಫಿಗ್ಮಾ, ಫೋಟೋಪಿಯಾ ಮೊದಲಾದವು ಬ್ರೌಸರಿನಲ್ಲಿ ನಡೆಯುವುದರಿಂದ ಲಿನಕ್ಸಿನ ಪ್ರಶ್ನೆಯೇ ಅವುಗಳಿಗೆ ಏಳುವುದಿಲ್ಲ. ಅಫಿನಿಟಿಯನ್ನು ಕುರಿತು ಅನೇಕರು ಕೇಳಿದ್ದಾರೆ: ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿ, 2024ರಲ್ಲಿ ಕ್ಯಾನ್ವಾ ಸಂಸ್ಥೆಯ ಕೈಸೇರಿ, 2025ರ ಅಕ್ಟೋಬರಿನಿಂದ ಉಚಿತವಾಗಿಯೇ ದೊರೆಯುತ್ತಿರುವ ಈ ತಂತ್ರಾಂಶವು ಲಿನಕ್ಸಿಗಾಗಿ ಹೊರಬಂದಿಲ್ಲ, ಆದರೆ ಉತ್ಸಾಹಿಗಳು ವೈನಿಗೆ ತಾವೇ ತಿದ್ದುಪಡಿಗಳನ್ನು ಮಾಡಿ ಅದನ್ನು ನಡೆಸುತ್ತಿದ್ದಾರೆ. ಕುತೂಹಲವುಳ್ಳವರು ಪ್ರಯತ್ನಿಸಬಹುದು, ಗಿರಾಕಿಗೆ ನಾಳೆ ಬೆಳಗ್ಗೆ ಕೆಲಸ ಕೊಡಬೇಕಾದವರು ಅದನ್ನು ನೆಚ್ಚಬಾರದು.

ಇನ್ನು ನಮ್ಮ ನಾಡಿನ ವಿಶೇಷ ತೊಡಕಿಗೆ ಬರುತ್ತೇನೆ; ನನ್ನ ಮಟ್ಟಿಗೆ ಇದೇ ಈ ವಿಷಯದ ಹೃದಯಭಾಗ. ಕನ್ನಡದ ಡಿಟಿಪಿ ಕೆಲಸವು ಬೆಳೆದುದು ಪೇಜ್‌ಮೇಕರ್, ಕೋರೆಲ್‌ಡ್ರಾ ಮತ್ತು ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಫಾಂಟುಗಳ ಆಧಾರದ ಮೇಲೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚೂರುಗಳನ್ನು ಕೂರಿಸಿರುವುದರಿಂದ, ಯಂತ್ರದ ದೃಷ್ಟಿಯಲ್ಲಿ ಆ ಪಠ್ಯವು ಅರ್ಥವಿಲ್ಲದ ರೋಮನ್ ಲಿಪಿಯ ಸಾಲು. ಕಣ್ಣಿಗೆ ಮಾತ್ರ ಕನ್ನಡ. ಯೂನಿಕೋಡಿನ ರೀತಿ ಬೇರೆ. ಅಲ್ಲಿ ‘ಸ್ತ್ರೀ’ ಎಂಬುದನ್ನು ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರವೆಂದು ಕ್ರಮವಾಗಿ ಬರೆದಿಟ್ಟು, ಅದನ್ನು ಒತ್ತಕ್ಷರವಾಗಿ ಕಟ್ಟುವ ಹೊಣೆಯನ್ನು ಅಕ್ಷರಜೋಡಣೆಯ ಎಂಜಿನಿಗೆ ಬಿಡುತ್ತಾರೆ. ಅರ್ಕಾವತ್ತು ಬಂದಾಗ ಮೊದಲು ಉಚ್ಚರಿಸುವ ರಕಾರವನ್ನು ಅಕ್ಷರದ ಬಲಕ್ಕೆ ಸರಿಸುವುದೂ ಅದರ ಕೆಲಸವೇ. ವಿಂಡೋಸಿನಲ್ಲಿ ಯೂನಿಸ್ಕ್ರೈಬ್, ಡೈರೆಕ್ಟ್‌ರೈಟ್ ಎಂಬ ಡಿಎಲ್‌ಎಲ್‌ಗಳು ಇದನ್ನು ಮಾಡುತ್ತವೆ. ವೈನ್ ಅವುಗಳನ್ನು ಪುನಃ ತಾನೇ ಬರೆದುಕೊಂಡಿದೆ. ಲಿನಕ್ಸಿನ ಸ್ವಂತ ತಂತ್ರಾಂಶಗಳಲ್ಲಿ ಹಾರ್ಫ್‌ಬಝ್ ಎಂಬುದು ಇದೇ ಕಾರ್ಯವನ್ನು ಅತ್ಯಂತ ಶುದ್ಧವಾಗಿ ನೆರವೇರಿಸುತ್ತದೆ. ಆದ್ದರಿಂದ ಹಳೆಯ ಫಾಂಟುಗಳ ಕಡತವು ವೈನಿನಲ್ಲಿ ಫಾಂಟನ್ನು ಹಾಕಿದ ಮಾತ್ರಕ್ಕೆ ಯಥಾವತ್ತಾಗಿ ಕಾಣಿಸಿಕೊಂಡರೆ, ಯೂನಿಕೋಡಿನ ಕಡತದಲ್ಲಿ ಪ್ರತಿಯೊಂದು ಒತ್ತನ್ನೂ ಪರೀಕ್ಷಿಸಿ ನೋಡಬೇಕಾಗುತ್ತದೆ. ಟೈಪ್ ಮಾಡುವ ಸಮಸ್ಯೆ ಇದಕ್ಕೆ ತಿರುಗುಮುರುಗು: ಲಿನಕ್ಸಿನಲ್ಲಿ ಐಬಸ್ ಮೂಲಕ ನಮ್ಮ ಕೆಜಿಪಿ ಕೀಲಿಮಣೆ ವಿನ್ಯಾಸವು ಸೊಗಸಾಗಿ ದೊರೆಯುತ್ತದೆ, ಆದರೆ ಅದರಿಂದ ಮೂಡುವುದು ಯೂನಿಕೋಡ್ ಮಾತ್ರ, ಹಳೆಯ ಫಾಂಟಿಗೆ ಬೇಕಾದ ಸಂಕೇತಗಳು ಅದರಿಂದ ಹೊರಡುವುದಿಲ್ಲ. ಹೀಗೆ, ಫೋಟೋಶಾಪ್ ನಡೆಯುವುದೆ ಎಂದು ಕೇಳುವ ಅನೇಕರನ್ನು ವಾಸ್ತವವಾಗಿ ವಿಂಡೋಸಿಗೆ ಕಟ್ಟಿಹಾಕಿರುವುದು ಫಾಂಟಿನ ಸಂಕೇತ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ನಮ್ಮ ಮುದ್ರಣಲೋಕವು ಇಷ್ಟು ದೀರ್ಘಕಾಲ ಹಳೆಯ ಸಂಕೇತಗಳಲ್ಲಿಯೇ ನಿಂತುಬಿಟ್ಟಿರುವುದು ನನಗೆ ಬಹಳ ನೋವಿನ ಸಂಗತಿ.

ಎರಡನೆಯ ಕಟ್ಟು ಸಿಡಿಆರ್ ಕಡತಗಳದು. ವರ್ಷಗಟ್ಟಲೆ ಮಾಡಿದ ಕೆಲಸವೆಲ್ಲ ಕೋರೆಲ್‌ಡ್ರಾದ ಈ ರೂಪದಲ್ಲಿ ಸಂಗ್ರಹವಾಗಿದ್ದು, ಫ್ಲೆಕ್ಸ್ ಅಚ್ಚಿನವರೂ ಆಫ್‌ಸೆಟ್ ಪ್ರೆಸ್ಸಿನವರೂ ಅದನ್ನೇ ಕೇಳುತ್ತಿರುವಾಗ, ವಿನ್ಯಾಸಕನು ತಾನೊಬ್ಬನೇ ಬದಲಾಗಿ ಏನು ಪ್ರಯೋಜನವೆಂದು ನಿಟ್ಟುಸಿರುಬಿಡುತ್ತಾನೆ. ಲಿಬ್ರೆಆಫೀಸಿನ ಬಳಗದವರು ರಚಿಸಿದ ಲಿಬ್‌ಸಿಡಿಆರ್ ಎಂಬ ಗ್ರಂಥಾಲಯದ ನೆರವಿನಿಂದ ಇಂಕ್‌ಸ್ಕೇಪ್, ಸ್ಕ್ರೈಬಸ್ ಇವು ಸಿಡಿಆರ್ ಕಡತಗಳನ್ನು ತೆರೆಯಬಲ್ಲವು. ಪೇಜ್‌ಮೇಕರಿನ ಕಡತಗಳಿಗೂ ಅಂತಹುದೇ ಒಂದು ಗ್ರಂಥಾಲಯ ಹುಟ್ಟಿದೆ. ಆದರೆ ಅವು ಓದುತ್ತವೆಯೇ ಹೊರತು ಆ ರೂಪದಲ್ಲಿ ಮರಳಿ ಬರೆಯಲಾರವು; ಓದುವಾಗಲೂ ಛಾಯೆ, ಪಾರದರ್ಶಕತೆಗಳು ವ್ಯತ್ಯಾಸಗೊಳ್ಳುವುದುಂಟು. ಆದುದರಿಂದ ವಿಂಡೋಸಿನ ಯಂತ್ರವು ಇನ್ನೂ ಕೈಯಲ್ಲಿರುವಾಗಲೇ ಮುಖ್ಯವಾದ ಕೆಲಸಗಳನ್ನು ಅಕ್ಷರಗಳಿದ್ದಂತೆ ಒಂದು ಪ್ರತಿ, ಕರ್ವ್ ಮಾಡಿ ಪಿಡಿಎಫ್ ರೂಪದಲ್ಲಿ ಇನ್ನೊಂದು ಪ್ರತಿಯಾಗಿ ಉಳಿಸಿಕೊಳ್ಳಬೇಕೆಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಪ್ರೆಸ್ಸಿನವರೊಡನೆ ಒಮ್ಮೆ ಕುಳಿತು ಮಾತಾಡಿದರೆ, ಕರ್ವ್ ಮಾಡಿದ ಪಿಡಿಎಫ್ ಅವರಿಗೂ ಒಪ್ಪಿಗೆಯಾಗುವುದೆಂಬುದು ನಾನು ಮತ್ತೆ ಮತ್ತೆ ಕಂಡ ಅನುಭವ. ಫಾಂಟು ಕೆಟ್ಟು ಪ್ಲೇಟು ಹಾಳಾಗುವ ಭಯ ಅದರಲ್ಲಿಲ್ಲ.

ಪುಟವಿನ್ಯಾಸವನ್ನು ಹೊಸದಾಗಿ ಆರಂಭಿಸುವವರಿಗೆ ಸ್ಕ್ರೈಬಸನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ, ಆದರೆ ಅದರ ಪೂರ್ವಚರಿತ್ರೆಯನ್ನು ತಿಳಿಸಿಯೇ ಸೂಚಿಸುತ್ತೇನೆ. ಬಹುಕಾಲದವರೆಗೆ ಅದರಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಬೀಳುತ್ತಿದ್ದವು. ಅದನ್ನು ಕಂಡು ಬಿಟ್ಟವರು ಮತ್ತೆ ಅದರತ್ತ ತಿರುಗಿ ನೋಡಿಲ್ಲ. ಓಮಾನ್ ದೇಶದ ಮುಕ್ತ ತಂತ್ರಾಂಶ ಬಳಗವೊಂದು ಅರಬ್ಬಿ ಲಿಪಿಗಾಗಿ ಶ್ರಮಿಸಿ ಹಾರ್ಫ್‌ಬಝನ್ನು ಅದಕ್ಕೆ ಅಳವಡಿಸಿದ ಫಲವಾಗಿ 2017ರ 1.5.3 ಆವೃತ್ತಿಯಿಂದ ಕನ್ನಡವೂ ಅಲ್ಲಿ ಸರಿಯಾಗಿ ಮೂಡತೊಡಗಿತು. 2024ರ ಜನವರಿಯಲ್ಲಿ ಬಂದ 1.6 ಸ್ಥಿರ ಆವೃತ್ತಿಯಲ್ಲಿ ಆ ಸೌಲಭ್ಯವು ಎಲ್ಲರಿಗೂ ದೊರೆತಿದೆ. ಎಲ್ಲಿಯೋ ಇರುವ ಅಪರಿಚಿತರು ತಮ್ಮ ಲಿಪಿಗಾಗಿ ಪಟ್ಟ ಶ್ರಮವು ನಮ್ಮ ಲಿಪಿಗೂ ಒದಗಿಬಂದ ಈ ಪ್ರಸಂಗವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕೃತಜ್ಞತೆಯಿಂದ ತುಂಬುತ್ತದೆ. ನೆರೆಯ ಕೇರಳದಲ್ಲಿ ಜನಯುಗಂ ಎಂಬ ಮಲಯಾಳ ದಿನಪತ್ರಿಕೆಯು 2019ರಲ್ಲಿ ತನ್ನ ಇಡೀ ಪುಟವಿನ್ಯಾಸವನ್ನು ಲಿನಕ್ಸ್, ಸ್ಕ್ರೈಬಸ್, ಗಿಂಪ್, ಇಂಕ್‌ಸ್ಕೇಪ್‌ಗಳಿಗೆ ವರ್ಗಾಯಿಸಿತು. ಮೊದಲು ಅವರು ಮಾಡಿಕೊಂಡುದು ಹಳೆಯ ಸಂಕೇತದಿಂದ ಯೂನಿಕೋಡಿಗೆ ಬರುವ ಸಿದ್ಧತೆಯನ್ನೇ. ಕನ್ನಡಕ್ಕೆ ಗುಬ್ಬಿ, ನವಿಲು, ಲೋಹಿತ್ ಮೊದಲಾದ ಯೂನಿಕೋಡ್ ಫಾಂಟುಗಳು ಲಿನಕ್ಸಿನೊಡನೆಯೇ ದೊರೆಯುತ್ತವೆ. ಆದರೆ ಲಗ್ನಪತ್ರಿಕೆಗೂ ತಲೆಬರಹಕ್ಕೂ ಬೇಕಾದ ಅಲಂಕಾರದ ಅಕ್ಷರಗಳು ಹಳೆಯ ಫಾಂಟುಗಳಲ್ಲಿರುವಷ್ಟು ವೈವಿಧ್ಯದಿಂದ ಇನ್ನೂ ಯೂನಿಕೋಡಿಗೆ ಬಂದಿಲ್ಲ, ಮತ್ತು ಆ ಅಕ್ಷರಗಳನ್ನು ಬರೆಯಬಲ್ಲ ಕಲಾವಿದರೂ ಅದಕ್ಕೆ ತಗಲುವ ವೆಚ್ಚವನ್ನು ಭರಿಸಬಲ್ಲ ಸಂಸ್ಥೆಗಳೂ ನಮ್ಮ ನಡುವೆಯೇ ಇದ್ದಾರೆ.